ಕಾಲು ತೊಳೆಯುವ ನೀರು

ಸೇಮ್ಲಾ ಘಾಟ್, ನರ್ಮದೆಯ ದಕ್ಷಿಣ ದಡ
23 ಅಕ್ಟೋಬರ್ 1972

ಧಾಪೂ ಜೀಜಿಗೆ, ನರ್ಮದೇ ಹರ್.

ಯಾರ ಕಾಗದ ಅಂತ ಕೊನೆಯ ಸಾಲಿಗೆ ಹಾರಬೇಡ, ನಾನೇ ಹೇಳ್ತೀನಿ. ನಾನು ಝಮಕು. ನಿನ್ನ ಮೈದುನ ಗೆಂದಾಲಾಲನ ಹೆಂಡತಿ, ನಿನ್ನ ವಾರಗಿತ್ತಿ. ಸತ್ತಿಲ್ಲ. ನಿನ್ನ ಎದುರು ದಡದಲ್ಲೇ, ನನ್ನ ಅಣ್ಣನ ಮನೆಯಲ್ಲಿ, ಹದಿನೈದು ವರ್ಷದಿಂದ ಗುಂಡುಕಲ್ಲಿನ ಹಾಗೆ ಇದ್ದೀನಿ. ಬೆಳಗ್ಗೆ ನೀನು ಒಲೆ ಹಚ್ಚಿದರೆ ಹೊಗೆ ನನಗೆ ಕಾಣುತ್ತೆ. ಮೊದಲೆಲ್ಲ ಅಕ್ಕ ಅಂತ ನಿನಗೆ ‘ನೀವು’ ಅಂತಿದ್ದೆ. ಇನ್ನು ಅನ್ನಲ್ಲ.

ತಮಾಷೆ ನೋಡು, ಈ ಕಾಗದ ನಿನ್ನ ಗಂಡ ಭೇರೂಭಾವನ ದೋಣಿಯಲ್ಲೇ ನಿನ್ನ ಹತ್ತಿರ ಬರೋದು. ನನ್ನನ್ನ ಹತ್ತಿಸಿಕೊಳ್ಳದ ದೋಣಿ ನನ್ನ ಕಾಗದ ಹೊರುತ್ತೆ. ‘ಗಂಡನ್ನ ತಿಂದವಳು ನಮ್ಮ ದೋಣಿಗೆ ಕಾಲಿಡಕೂಡದು’ ಅಂದವಳು ನೀನು. ಬಸ್ಸು ಹಿಡಿದು, ಎಲ್ಲೋ ದೂರದ ಸೇತುವೆ ಸುತ್ತಿಕೊಂಡು ಬಂದಾಗ ಮುಖದ ಮೇಲೆ ಬಾಗಿಲು ಹಾಕಿದವಳೂ ನೀನೇ. ಒಳಗೆ ನನ್ನ ಮಗಳು ಅಳ್ತಾ ಇದ್ದಳು. ನನಗೆ ಕೇಳಿಸ್ತು.

ಮೊನ್ನೆ ಬಳೆಗಾರ್ತಿ ಬಂದಿದ್ದಳು. ‘ಪಿಪಲ್ಯಾ ಘಾಟಿನ ಧಾಪೂಬಾಯಿ ಅಂದರೆ ಅನ್ನಪೂರ್ಣೆ, ನದಿ ಸುತ್ತೋ ಪರಿಕ್ರಮದವರು ಯಾರೇ ಬರಲಿ, ಅವಳೇ ಕಾಲು ತೊಳೀತಾಳೆ, ಅವಳೇ ಬಡಿಸ್ತಾಳೆ, ಒಬ್ಬರೂ ಹಸಿದು ಹೋದದ್ದಿಲ್ಲ’ ಅಂತ ಬಾಯ್ತುಂಬ ಹೊಗಳಿದಳು. ಕೇಳ್ತಾ ಕೇಳ್ತಾ ನನಗೆ ನಗು ಬಂತು ಜೀಜಿ. ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲವಲ್ಲ!

ಉತ್ಥಾನ ದ್ವಾದಶಿ ಕಳೆದ ಹುಣ್ಣಿಮೆಗೆ ನಾನು ಪರಿಕ್ರಮದ ಸಂಕಲ್ಪ ಮಾಡ್ತೀನಿ. ನದಿಯನ್ನ ಬಲಗೈಗೆ ಇಟ್ಟುಕೊಂಡು ಈ ದಡದಲ್ಲಿ ಕಡಲಿನವರೆಗೆ ನಡೀತೀನಿ. ಅಲ್ಲಿ ನದಿಯ ಬಾಯಿ ಸುತ್ತಿ ನಿನ್ನ ದಡ ಹಿಡಿದು ಮೇಲಕ್ಕೆ ಬರ್ತೀನಿ. ಒಂದು ಬೀಡಿ ಸೇದಿ ಮುಗಿಸೋ ಅಷ್ಟರಲ್ಲಿ ದಾಟೋ ನೀರು. ಅದನ್ನ ದಾಟೋಕೆ ಒಂದಿಡೀ ಚಳಿಗಾಲ ನಡೀತೀನಿ. ಬಂದು ನಿನ್ನ ಅಂಗಳದಲ್ಲಿ ನಿಂತು ‘ನರ್ಮದೇ ಹರ್’ ಅಂತೀನಿ. ಆಗ ನಾನು ಗೆಂದಾಲಾಲನ ಹೆಂಡತಿಯಲ್ಲ, ಪರಿಕ್ರಮದವಳು. ಬಾಗಿಲು ಹೇಗೆ ಹಾಕ್ತೀಯ ನೋಡೋಣ. ನೀನು ನನ್ನ ಕಾಲು ತೊಳೀಬೇಕು, ಮಣೆ ಹಾಕಬೇಕು, ಬಡಿಸಬೇಕು. ಊರೆಲ್ಲ ನೋಡ್ತಿರುತ್ತೆ. ನಾನು ಎಲೆ ಮುಟ್ಟದೆ, ಹಸಿದ ಹೊಟ್ಟೆಯಲ್ಲೇ ಎದ್ದು ಹೋಗ್ತೀನಿ.

ಆಮೇಲೆ ಅನ್ನಪೂರ್ಣೆ ಅಂತ ಯಾರು ಕರೀತಾರೋ ಕರೀಲಿ.

ನೀವು ಗಂಡ ಹೆಂಡತಿ ದಾಟಿಸಿ ಬಿಟ್ಟವಳು,
ಝಮಕು


ಪಿಪಲ್ಯಾ ಘಾಟ್, ಉತ್ತರ ದಡ
31 ಅಕ್ಟೋಬರ್ 1972

ಝಮಕುಗೆ,

ಕಾಗದ ಬಂತು. ಎರಡು ಸಲ ಓದಿಸಿದೆ. ಚೆನ್ನಾಗಿದೆ ಅಂತಲ್ಲ, ನಿನ್ನ ಸೊಕ್ಕು ಎಷ್ಟಿದೆ ಅಂತ ಅಳೆಯೋಕೆ.

ನೀನು ನಡೀತೀಯಾ? ಅಯ್ಯೋ ನನ್ನ ತಾಯಿ! ಘಾಟಿನಿಂದ ಒಂದು ಕೊಡ ನೀರು ತರೋದರಲ್ಲಿ ಮೂರು ಕಡೆ ಕೂತು ಉಸ್ಸಪ್ಪಾ ಅಂತಿದ್ದವಳು. ಕಾರ್ತಿಕದ ಗಾಳಿ ಬೀಸಿದರೆ ಕೌದಿಯಿಂದ ಮೂಗು ಹೊರಗೆ ಹಾಕದವಳು. ಪರಿಕ್ರಮ ಅಂದರೆ ಬಳೆಗಾರ್ತಿ ಜೊತೆ ಹರಟೆ ಹೊಡೆದ ಹಾಗಲ್ಲ. ಬರಿಗಾಲು, ಇಬ್ಬನಿ, ನೆಲದ ಮೇಲೆ ನಿದ್ದೆ. ನಾಳೆಗೆ ಅಂತ ಒಂದು ಹಿಡಿ ಹಿಟ್ಟು ಕಟ್ಟಿಕೊಳ್ಳೋ ಹಾಗಿಲ್ಲ. ಯಾರು ಏನು ಕೊಟ್ಟರೆ ಅದು, ಕೊಡದಿದ್ದರೆ ನೀರು. ಎರಡನೇ ದಿನಕ್ಕೆ ನಿನ್ನ ಅಣ್ಣ ಬಂದು ಗಾಡಿಯಲ್ಲಿ ಹಾಕ್ಕೊಂಡು ಹೋಗ್ತಾನೆ.

ಬಂದರೆ ಬಾ. ನನ್ನ ಬಾಗಿಲಿಗೆ ಕಳ್ಳರೂ ಬಂದಿದ್ದಾರೆ, ಬೈರಾಗಿಗಳೂ ಬಂದಿದ್ದಾರೆ. ಎಲ್ಲರ ಕಾಲೂ ಕಾಲೇ. ತೊಳೀತೀನಿ. ಉಣ್ಣೋದು ಬಿಡೋದು ನಿನ್ನ ಹೊಟ್ಟೆಗೆ ಬಿಟ್ಟದ್ದು.

ಆದರೆ ಮಗಳ ಮಾತು ಎತ್ತಬೇಡ. ಆರು ತಿಂಗಳ ಕೂಸನ್ನ ಬಿಟ್ಟು ಹೋದವಳು ನೀನು. ಬೇಕಿದ್ದರೆ ಈಜಿಕೊಂಡಾದರೂ ಬರ್ತಿದ್ದೆ. ಆಡಿನ ಹಾಲು ಬಟ್ಟೆಯಲ್ಲಿ ಅದ್ದಿ ಅದ್ದಿ ಕುಡಿಸಿ ಬದುಕಿಸಿದವಳು ನಾನು. ಅವಳು ಎಂಟನೇ ಕ್ಲಾಸು ಮುಗಿಸಿದ್ದಾಳೆ. ನನಗೆ ಅಕ್ಷರ ಬರಲ್ಲ, ಅವಳೇ ನನ್ನ ಕಣ್ಣು, ಅವಳೇ ನನ್ನ ಕೈ. ಈ ಕಾಗದವನ್ನೂ ಅವಳೇ ಬರೀತಿದ್ದಾಳೆ. ಉರಕೋ.

ಹೇಳಿದ್ದು: ಧಾಪೂಬಾಯಿ
ಬರೆದದ್ದು: ಅನೋಖಿ


ಸೇಮ್ಲಾ ಘಾಟ್
8 ನವೆಂಬರ್ 1972

ಧಾಪೂ ಜೀಜಿಗೆ,

ಉರಕೊಂಡೆ. ನಿನ್ನ ಬಾಯಿಗೆ ಸಕ್ಕರೆ ಹಾಕ.

ನನ್ನ ಮಗಳ ಅಕ್ಷರವನ್ನ ನಾನು ಹುಟ್ಟಿದಮೇಲೆ ಮೊದಲ ಸಲ ನೋಡಿದೆ. ದುಂಡಗೆ, ಬಿಡಿಬಿಡಿಯಾಗಿ, ಎಷ್ಟು ಚೆಂದ ಬರೀತಾಳೆ! ಆ ಚೆಂದದ ಅಕ್ಷರದಲ್ಲಿ ‘ಬಿಟ್ಟು ಹೋದವಳು ನೀನು’ ಅಂತ ಬರೆಸಿದೀಯಲ್ಲ, ನಿನಗೆ ಕರುಳು ಅನ್ನೋದು ಇದೆಯಾ? ದೀಪಾವಳಿಗೆ ಮನೆಯವರೆಲ್ಲ ಹಣತೆ ಹಚ್ಚಿದರು. ನಾನು ಆ ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ.

ಅನೋಖಿ, ಈಗ ನಿನಗೇ ಹೇಳ್ತೀನಿ. ಅವಳಿಗೆ ಕೇಳಿಸೋ ಹಾಗೆ ಜೋರಾಗಿ ಓದು. ನಿನ್ನ ಅಪ್ಪ ಶ್ರಾವಣದ ಪ್ರವಾಹದಲ್ಲಿ ದೋಣಿ ಸಮೇತ ಹೋದ. ಹದಿಮೂರನೇ ದಿನ ಕಳೆದ ಮೇಲೆ ನಿನ್ನ ಧಾಪೂಮಾ ನನ್ನ ತಲೆ ನೇವರಿಸಿ, ‘ನಾಲ್ಕು ದಿನ ತವರಲ್ಲಿದ್ದು ಬಾ. ನೀರು ಜೋರಾಗಿದೆ, ಮೊದಲು ನೀನು ದಾಟು, ಮುಂದಿನ ಸರದಿಗೆ ಕೂಸನ್ನ ಕಳಿಸ್ತೀನಿ’ ಅಂದಳು. ಭೇರೂಭಾವ ನನ್ನನ್ನ ಇಲ್ಲಿ ಇಳಿಸಿ ಹೋದ. ನಾನು ಘಾಟಿನಲ್ಲಿ ನಿಂತೆ. ಎದೆಯಲ್ಲಿ ಹಾಲು ಕಟ್ಟಿ ರವಿಕೆ ನೆನೀತಾ ಇತ್ತು. ದೋಣಿ ಬಂತು, ಎಮ್ಮೆ ಇಳಿಸ್ತು. ಮತ್ತೆ ಬಂತು, ಹತ್ತಿ ಮೂಟೆ ಇಳಿಸ್ತು. ಕೂಸು ಬರಲಿಲ್ಲ. ಬಿಟ್ಟು ಹೋದವಳು ಯಾರು ಅಂತ ಈಗ ಕೇಳು ಅವಳನ್ನ.

ಇನ್ನು ನಿನಗೆ, ಜೀಜಿ. ನನ್ನ ಗಂಟು ಕಟ್ಟೋ ಕೆಲಸ ನಡೀತಿದೆ. ಕೇಳಿ ಸಂತೋಷಪಡು. ಎರಡು ಬಿಳಿ ಸೀರೆ. ಒಂದು ಕಂಬಳಿ. ಬಿದಿರಿನ ಕೋಲು, ತುದಿಗೆ ಅಣ್ಣ ಕಬ್ಬಿಣದ ಬಳೆ ಹಾಕಿಸಿದ್ದಾನೆ. ಭಿಕ್ಷೆಗೆ ಜೋಳಿಗೆ, ನೀರಿಗೆ ಸೋರೆಬುರುಡೆ. ನರ್ಮದೆಯ ನೀರು ತುಂಬಿ ಕುತ್ತಿಗೆಗೆ ಕಟ್ಟಿಕೊಳ್ಳೋಕೆ ಪುಟ್ಟ ಶೀಶೆ. ಗೆಂದಾಲಾಲನ ಎರಡು ಧೋತರ, ನನ್ನ ಮದುವೆ ಸೀರೆ ಹರಿದು ಒಂದು ಕೌದಿ ಹೊಲಿದಿದ್ದೀನಿ. ಚಳಿಗೆ ಒಳ್ಳೇದು, ಸಿಟ್ಟಿಗೆ ಇನ್ನೂ ಒಳ್ಳೇದು.

ಅತ್ತಿಗೆ ಹಿಮ್ಮಡಿಗೆ ಅಂತ ಮೇಣದ ಮುಲಾಮು ಕಾಯಿಸಿ ಡಬ್ಬಿಗೆ ತುಂಬಿಕೊಟ್ಟಳು. ಅದನ್ನ ಮಾತ್ರ ಬೇಡ ಅಂದೆ. ಕಾಲು ಎಷ್ಟು ಬಿರಿಯುತ್ತೋ ಬಿರೀಲಿ. ನೀನು ತೊಳೆಯುವಾಗ ಒಂದೊಂದು ಬಿರುಕೂ ನಿನ್ನ ಬೆರಳಿಗೆ ತಾಗಬೇಕು.

ಝಮಕು


ಪಿಪಲ್ಯಾ ಘಾಟ್
13 ನವೆಂಬರ್ 1972

ಝಮಕುಗೆ,

ಓದಿಸಿಕೊಂಡೆ. ಜೋರಾಗಿಯೇ ಓದಿದಳು. ಓದುತ್ತಾ ಓದುತ್ತಾ ನಿಲ್ಲಿಸಿದಳು. ನಿನಗೆ ಬೇಕಾದದ್ದು ಅದೇ ತಾನೆ? ಸಿಕ್ಕಿತಲ್ಲ, ಕುಣಿ.

ಹೌದು. ಕೂಸನ್ನ ಕಳಿಸಬೇಡ ಅಂತ ನಿನ್ನ ಭಾವನಿಗೆ ಹೇಳಿದವಳು ನಾನೇ. ಅವರು ಅವತ್ತು ರಾತ್ರಿ ಊಟ ಬಿಟ್ಟು ದೋಣಿಯಲ್ಲೇ ಮಲಗಿದರು. ಆದರೂ ನಾನು ಕಳಿಸಲಿಲ್ಲ. ಯಾಕೆ ಅಂತ ನಿನ್ನ ಕಾಗದದಲ್ಲಿ ಇಲ್ಲವಲ್ಲ? ಆ ಹದಿಮೂರು ದಿನದಲ್ಲಿ ಕೂಸನ್ನ ಸೊಂಟಕ್ಕೆ ಕಟ್ಟಿಕೊಂಡು ಎರಡು ಸಲ ನೀರಿಗೆ ಇಳಿದವಳು ಯಾರು? ಎರಡು ಸಲವೂ ಜುಟ್ಟು ಹಿಡಿದು ಎಳೆದು ತಂದವಳು ಯಾರು? ಅದನ್ನೂ ಬರಿ. ಮಗಳು ಓದಲಿ.

ಊರಿಗೆ ನಾನು ಇದನ್ನ ಹೇಳಲಿಲ್ಲ. ‘ಬಿಟ್ಟು ಹೋದಳು’ ಅಂದೆ. ಹುಚ್ಚಿಯ ಮಗಳು ಅನ್ನಿಸಿಕೊಳ್ಳೋದಕ್ಕಿಂತ ಬಿಟ್ಟವಳ ಮಗಳು ಅನ್ನಿಸಿಕೊಳ್ಳೋದು ಮೇಲು ಅಂತ.

ಮತ್ತೆ ಆಮೇಲೆ, ವರ್ಷ ಕಳೆದು ನೀನು ಬಾಗಿಲಿಗೆ ಬಂದಾಗ? ಆಗ ನೀನು ಸರಿಹೋಗಿದ್ದೆ, ನನಗೆ ಕಾಣಿಸ್ತು. ಆಗ ಅವಳು ನನ್ನನ್ನ ಮಾ ಅಂತಿದ್ದಳು. ಕೊಡಲಿಲ್ಲ. ಏನು ಮಾಡ್ಕೋತೀಯೋ ಮಾಡ್ಕೋ.

ಹೇಳಿದ್ದು: ಧಾಪೂಬಾಯಿ

ಧಾಪೂಮಾ ಹೇಳಿದ್ದು ಇಷ್ಟೇ. ಇದು ನನ್ನ ಮಾತು. ನನ್ನ ತಾಯಿ ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಇಷ್ಟು ದಿನ ನನಗೆ ಹೇಳಿದ್ದರು. ಎದುರು ದಡ ಅಂತ ಯಾರೂ ಹೇಳಲಿಲ್ಲ. ನಾನು ದಿನಾ ಆ ದಡ ನೋಡಿಕೊಂಡೇ ಹಲ್ಲು ತಿಕ್ಕಿದ್ದೀನಿ. ನಿಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ ಅನ್ನಿಸುತ್ತೆ. ಹಾಗಾದರೆ ನಾನು ಯಾರ ಮೇಲೆ ಸಿಟ್ಟು ಮಾಡಬೇಕು? — ಅನೋಖಿ


ಸೇಮ್ಲಾ ಘಾಟ್
18 ನವೆಂಬರ್ 1972

ಧಾಪೂ ಜೀಜಿಗೆ,

ನೀರಿನ ಮಾತಿಗೆ ನಾನು ಉತ್ತರ ಕೊಡಲ್ಲ.

ನಾಡಿದ್ದು ಹುಣ್ಣಿಮೆ. ಪುರೋಹಿತರು ಬೆಳಗ್ಗೆಯೇ ಬರ್ತಾರೆ. ಕನ್ಯೆಯರಿಗೆ ಕಾಲು ತೊಳೆದು ಉಣ್ಣಿಸಬೇಕು, ಅತ್ತಿಗೆ ಬೀದಿಯ ಹೆಣ್ಣುಮಕ್ಕಳನ್ನೆಲ್ಲ ಕರೆದಿದ್ದಾಳೆ. ನಿನ್ನೆ ಆ ಪುಟ್ಟ ಪುಟ್ಟ ಕಾಲುಗಳಿಗೆ ಅಂತ ಅರಿಶಿನ ಕಲೆಸ್ತಾ ಇದ್ದೆ. ನನ್ನ ಮಗಳ ಕಾಲು ಈಗ ಎಷ್ಟುದ್ದ ಇರಬಹುದು ಅಂತ ಅಂದಾಜು ಮಾಡೋಕೆ ಹೋದೆ. ಆಗಲಿಲ್ಲ. ಇದಕ್ಕೂ ನಿನ್ನ ಮೇಲೆ ಒಂದು ಬಾಕಿ ಬರೆದುಕೊಂಡಿದ್ದೀನಿ.

ಗಂಟು ಎತ್ತಿ ನೋಡಿದೆ, ಭಾರ. ಬಿಚ್ಚಿದೆ. ಒಂದು ಸೀರೆ ತೆಗೆದೆ, ಕನ್ನಡಿ ತೆಗೆದೆ, ಅಣ್ಣ ತುರುಕಿದ್ದ ಬೆಲ್ಲ ತೆಗೆದೆ. ಕೌದಿ ತೆಗೆಯಲಿಲ್ಲ. ಅನೋಖಿ, ನೀನು ಕೇಳಿದ ಪ್ರಶ್ನೆಗೆ ಬಾಗಿಲಿಗೆ ಬಂದಮೇಲೆ ಉತ್ತರ ಹೇಳ್ತೀನಿ. ಅಷ್ಟರವರೆಗೆ ಇಬ್ಬರ ಮೇಲೂ ಸಿಟ್ಟಾಗಿರು. ನನ್ನ ಪಾಲಿನದು ನನಗಿರಲಿ.

ಬಿಸಿನೀರಿನ ಹಂಡೆ ತಿಕ್ಕಿಡು ಜೀಜಿ.

ಝಮಕು


ಸೇಮ್ಲಾ ಘಾಟ್, ಮೆಟ್ಟಿಲ ಮೇಲೆ ಕೂತು
21 ನವೆಂಬರ್ 1972

ಧಾಪೂಮಾ,

ಭೇರೂಬಾಪು ದೋಣಿ ಹಿಡಿದುಕೊಂಡು ಕಾಯ್ತಿದ್ದಾರೆ, ಬೇಗ ಬೇಗ ಬರೀತೀನಿ.

ನೀನು ಹೇಳಿಕೊಟ್ಟ ಹಾಗೆಯೇ ಮಾಡಿದೆ. ಅವರು ನಿನ್ನೆಯೇ ಸಂಕಲ್ಪ ಮಾಡಿದ್ದರು. ಇವತ್ತು ಬೆಳಗ್ಗೆ ಗಂಟು ಹೊತ್ತು ಹೊರಡೋ ಹೊತ್ತಿಗೆ ಸರಿಯಾಗಿ ನಮ್ಮ ದೋಣಿ ಬಂತು. ನಾನು ದೋಣಿಯಲ್ಲೇ ನಿಂತು ನೀನು ಕಲಿಸಿದ್ದನ್ನ ಹೇಳಿದೆ. ‘ಧಾಪೂಮಾ ದೋಣಿ ಕಳಿಸಿದ್ದಾಳೆ. ನಾನು ನಿಮ್ಮ ಮಗಳು. ಈಗಲೇ ಹತ್ತಿದರೆ ಮನೆಗೆ ಕರೀತೀವಿ. ಹತ್ತದಿದ್ದರೆ ಮಗಳು ಬೇಕು ಅಂತ ಇನ್ನು ಯಾವತ್ತೂ ಬಾಯಿ ಬಿಡಬೇಡಿ.’

ಸಂಕಲ್ಪ ಮಾಡಿದವರು ನರ್ಮದೆಯನ್ನ ದಾಟೋ ಹಾಗಿಲ್ಲ. ದಾಟಿದರೆ ಪರಿಕ್ರಮ ಮುರೀತು, ಊರೆಲ್ಲ ಛೀ ಅನ್ನುತ್ತೆ. ದಾಟದಿದ್ದರೆ, ಹೆತ್ತ ಮಗಳಿಗಿಂತ ಛಲವೇ ಹೆಚ್ಚಾಯಿತು ಅಂತ ನಾನೇ ಛೀ ಅನ್ನಬೇಕು. ಎಷ್ಟು ಚೆನ್ನಾಗಿ ಹೂಡಿದ್ದೆ ನೀನು! ನಿನ್ನೆ ರೊಟ್ಟಿ ತಟ್ಟುತ್ತಾ ನನಗೆ ಹೇಳಿಕೊಡುವಾಗ ನಿನ್ನ ಮುಖ ಅರಳಿತ್ತು.

ಅವರು ನೀರಿಗೆ ಇಳಿದರು. ಮೊಣಕಾಲುದ್ದ ಬಂದು ದೋಣಿಯ ಅಂಚು ಹಿಡಿದುಕೊಂಡರು. ಹತ್ತಲಿಲ್ಲ. ಬಿಡಲೂ ಇಲ್ಲ. ನನ್ನ ಮುಖ ನೋಡಲಿಲ್ಲ ಧಾಪೂಮಾ, ನನ್ನ ಕಾಲನ್ನೇ ನೋಡ್ತಿದ್ದರು. ಆಮೇಲೆ ಒಂದು ಕಾಲು ಎತ್ತಿ ದೋಣಿಯ ಅಂಚಿಗೆ ಇಟ್ಟೇಬಿಟ್ಟರು. ಕುತ್ತಿಗೆಯ ಶೀಶೆ ಬಿಚ್ಚೋಕೆ ಕೈ ಹಾಕಿದರು. ಅವರು ಹತ್ತುತ್ತಿದ್ದರು. ನೀನು ಗೆಲ್ಲುತ್ತಿದ್ದೆ.

ನಾನು ಇಳಿದುಬಿಟ್ಟೆ.

ನನಗೆ ಸಿಟ್ಟು ಬಂದಿತ್ತು. ನಿನ್ನ ಮೇಲೆ ಬಂದಿತ್ತು, ನನ್ನನ್ನ ಗಾಳಕ್ಕೆ ಸಿಕ್ಕಿಸೋ ಹುಳ ಮಾಡಿ ಕಳಿಸಿದೆ ಅಂತ. ಅವರ ಮೇಲೂ ಬಂದಿತ್ತು, ನಿನಗೆ ಅವಮಾನ ಮಾಡೋಕೆ ಕಡಲು ಸುತ್ತಿ ಬರೋವಷ್ಟು ಕಾಲಲ್ಲಿ ಕಸುವಿರೋರು ನನಗೋಸ್ಕರ ಇನ್ನೊಂದು ಸಲ ಬಾಗಿಲು ಬಡೀಲಿಲ್ಲ ಅಂತ. ನೀವಿಬ್ಬರೂ ಹದಿನೈದು ವರ್ಷ ದಡದಲ್ಲಿ ನಿಂತು ಜಗಳ ಆಡಿದ್ದೀರಿ, ನೀರಿನಲ್ಲಿ ಇದ್ದವಳು ನಾನು.

ಪುರೋಹಿತರು ಇನ್ನೂ ಘಾಟಿನಲ್ಲೇ ಇದ್ದರು. ನನಗೂ ಸಂಕಲ್ಪ ಮಾಡಿಸಿ ಅಂದೆ. ಬೇಡ ಅಂತ ಪುರೋಹಿತರು ಅಂದರು, ಬಾಪು ಅಂದರು. ಇವರು ಮಾತ್ರ ದೋಣಿಯ ಅಂಚು ಬಿಟ್ಟು ನನ್ನ ಪಕ್ಕ ಬಂದು ನಿಂತರು. ಯಾರದೋ ಖಾಲಿ ಎಣ್ಣೆ ಶೀಶೆ ತೊಳೆದು ನೀರು ತುಂಬಿಕೊಂಡೆ. ಈಗ ನಾನೂ ದಾಟೋ ಹಾಗಿಲ್ಲ. ದೋಣಿ ನಡೆಸೋರ ಮನೆಯವಳು ನಾನು, ನನ್ನ ಮನೆಗೇ ಕಡಲು ಸುತ್ತಿ ಬರಬೇಕು.

ನಿನ್ನ ದೋಣಿ ಖಾಲಿ ಕಳಿಸ್ತಿದ್ದೀನಿ. ನೀನು ಒಂದು ಜೊತೆ ಕಾಲು ತೊಳೀಬೇಕಿತ್ತು, ಈಗ ಎರಡು ಜೊತೆ.

ಅನೋಖಿ


ಪಿಪಲ್ಯಾ ಘಾಟ್
22 ನವೆಂಬರ್ 1972

ಝಮಕುಗೆ,

ನನಗೆ ಬರೆಯೋ ಕೈ ಈಗ ನಿನ್ನ ಹತ್ತಿರ ಇದೆ. ಇದನ್ನ ಶಾಲೆ ಮೇಷ್ಟ್ರು ಬರೀತಿದ್ದಾರೆ. ಅವರೆದುರಿಗೆ ಅಳಬಾರದು ಅಂತ ಗಟ್ಟಿಯಾಗಿ ಕೂತಿದ್ದೀನಿ.

ನಿನ್ನ ಭಾವ ಖಾಲಿ ದೋಣಿ ತಂದು ಕಟ್ಟಿ ಒಳಗೆ ಬಂದು ಮಲಗಿದವರು ಇನ್ನೂ ಎದ್ದಿಲ್ಲ. ನಾನೇ ಹೂಡಿದ್ದು, ನನಗೇ ತಿರುಗಿತು. ಹೇಳು, ನಗು, ಊರಿಗೆಲ್ಲ ಸಾರಿಕೊಂಡು ಹೋಗು.

ಆ ಹುಡುಗಿ ಉಟ್ಟ ಬಟ್ಟೆಯಲ್ಲಿ ಇಳಿದಿದ್ದಾಳೆ. ಬುದ್ಧಿ ಇಲ್ಲ, ನಿನ್ನ ಹಾಗೇ. ಒಂದು ಗಂಟು ಕಟ್ಟಿ ಮೀನು ಮಾರೋ ಹುಡುಗನ ಕೈಲಿ ಕೊಟ್ಟು ಕಳಿಸಿದ್ದೀನಿ. ದಡದ ದಾರಿಯಲ್ಲಿ ಎಲ್ಲಾದರೂ ಹಿಡಿದು ಕೊಡ್ತಾನೆ. ಕೌದಿ ನನ್ನ ಹಳೇ ಸೀರೆಗಳದ್ದು. ಅದಿಲ್ಲದೆ ಅವಳಿಗೆ ನಿದ್ದೆ ಹತ್ತಲ್ಲ. ತೊಳೀಬೇಡ. ಓಮದ ಪೊಟ್ಟಣ ಇದೆ. ಅವಳಿಗೆ ಕಿವಿಗೆ ಗಾಳಿ ತಾಗಿದರೆ ಮೂರನೇ ದಿನ ಜ್ವರ, ಹತ್ತಿ ಇಟ್ಟಿದ್ದೀನಿ. ಪುಂಡಿ ಸೊಪ್ಪು ಯಾರಾದರೂ ಬಡಿಸಿದರೆ ತಿನ್ನಬೇಡ ಅನ್ನು, ಹೊಟ್ಟೆ ನೋಯುತ್ತೆ. ಮುಲಾಮು ಡಬ್ಬಿ ದೊಡ್ಡದೇ ಇಟ್ಟಿದ್ದೀನಿ. ನೀನು ಹಚ್ಚಿಕೊಳ್ಳೋದಿಲ್ಲವಂತೆ, ಬಿಡು. ನಿನ್ನ ಬಿರುಕು ತಾಗಿ ನೋಯೋವಷ್ಟು ನನ್ನ ಕೈ ಮೆತ್ತಗಿಲ್ಲ. ಅವಳಿಗೆ ಮಾತ್ರ ದಿನಾ ಹಚ್ಚು.

ತೊಳೀತೀನಿ ಝಮಕು. ಇಬ್ಬರ ಕಾಲೂ ತೊಳೀತೀನಿ, ಊರು ಕರೆದು ತೊಳೀತೀನಿ. ನೀನು ಉಣ್ಣದೆ ಎದ್ದು ಹೋಗು. ನಿನ್ನ ಸೇಡು ನಿನಗೆ ಸಿಗಲಿ.

ನನ್ನದೂ ಒಂದಿದೆ, ಕೇಳಿಸಿಕೋ. ದಾರಿಯಲ್ಲಿ ಅವಳಿಗೆ ಜ್ವರ ಬರುತ್ತೆ, ಬಂದೇ ಬರುತ್ತೆ. ಜ್ವರ ಏರಿದರೆ ಅವಳು ಕನವರಿಸ್ತಾಳೆ. ಆಗ ಹತ್ತಿರ ಕೂತು, ಯಾರನ್ನ ಕರೀತಾಳೆ ಅಂತ ಕಿವಿಗೊಟ್ಟು ಕೇಳು. ಅಷ್ಟೇ ನನ್ನ ಸೇಡು.

ಹೇಳಿದ್ದು: ಧಾಪೂಬಾಯಿ


ಮೀಠಿ ತಲಾಯಿ, ಉತ್ತರ ದಡ
16 ಜನವರಿ 1973

ಜೀಜಿಗೆ, ನರ್ಮದೇ ಹರ್.

ಕಡಲು ಸುತ್ತಿ ಬಂದೆವು. ಈಗ ನಿನ್ನ ದಡದಲ್ಲಿದ್ದೀವಿ. ಮುಖ ನಿನ್ನ ಕಡೆಗೇ.

ಜ್ವರ ಬಂತು. ನೀನು ಶಾಪ ಹಾಕಿದೆಯೋ, ಮೊದಲೇ ಗೊತ್ತಿತ್ತೋ. ಆ ದಡದ ಕೊನೆಯ ಊರಲ್ಲಿ, ಕಡಲ ದೋಣಿಗೆ ಉಬ್ಬರ ಕಾಯ್ತಾ ಕೂತಿದ್ದಾಗ. ಪರಿಕ್ರಮದವರು ಹತ್ತಬಹುದಾದ ದೋಣಿ ಅದೊಂದೇ. ಗಾಳಿ ಹುಯ್ಯೋ ಅಂತ ಬೀಸ್ತಾ ಇತ್ತು. ಕಿವಿಗೆ ಹತ್ತಿ ಇಟ್ಟುಕೊ ಅಂತ ನಾನು ಬಡ್ಕೊಂಡೆ, ಅವಳು ಕೇಳಲಿಲ್ಲ. ನಡು ಮಧ್ಯಾಹ್ನ ಮೈ ಕಾದು ಹಂಚಾಯಿತು. ನನ್ನ ಕೌದಿ ಹೊದಿಸಿದೆ. ಒದ್ದು ಕಿತ್ತು ಹಾಕಿದಳು. ನಿನ್ನದನ್ನ ಹೊದಿಸಿದೆ, ಮೂಗಿನವರೆಗೆ ಎಳ್ಕೊಂಡಳು.

ಆಮೇಲೆ ಕರೆದಳು. ನೀನು ಹೇಳಿದ್ದೆಯಲ್ಲ, ಕಿವಿಗೊಟ್ಟೇ ಕೇಳಿದೆ. ‘ಧಾಪೂಮಾ, ಧಾಪೂಮಾ, ಎಲ್ಲಿದ್ದೀಯ’ ಅಂತ. ಒಂದು ಸಲವಲ್ಲ. ಅಲ್ಲಿದ್ದ ಬೇರೆ ಯಾತ್ರಿಗಳು ನನ್ನ ಮುಖ ನೋಡಿದರು. ‘ಯಾರನ್ನ ಕರೀತಿದ್ದಾಳೆ’ ಅಂತ ಒಬ್ಬಳು ಕೇಳಿದಳು. ನನ್ನ ಎದೆಯಲ್ಲಿ ಏನಾಯಿತು ಅಂತ ನಿನಗೆ ಬರೆದು ತಿಳಿಸಲ್ಲ. ಆ ಸಂತೋಷ ನಿನಗೆ ಕೊಡಲ್ಲ.

ಅವಳು ಬಿಡದೆ ಕರೀತಿದ್ದಳು. ಯಾರಾದರೂ ಓಗೊಡಬೇಕಿತ್ತಲ್ಲ.

‘ಇಲ್ಲೇ ಇದ್ದೀನಿ ಮಗಾ’ ಅಂದೆ. ಸ್ವಲ್ಪ ಗೊಗ್ಗರು ದನಿಯಲ್ಲಿ, ನಿನ್ನ ಹಾಗೆ. ಅವಳ ಉಸಿರು ಇಳೀತು. ನನ್ನ ಕೈ ಹಿಡ್ಕೊಂಡು ಮಲಗಿದಳು. ನನ್ನ ಮಗಳು ನನ್ನ ಕೈ ಹಿಡಿದದ್ದು ಅದೇ ಮೊದಲು, ಅದೂ ನಿನ್ನ ಕೈ ಅಂತ ತಿಳಿದು. ನಿನ್ನ ಹೆಸರಿಗೆ ನಾನು ಓಗೊಟ್ಟೆ ಜೀಜಿ. ಇದಕ್ಕೆ ನಿನ್ನನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ.

ಅವತ್ತು ನೀರಿನಲ್ಲಿ ನನ್ನ ಜುಟ್ಟು ಹಿಡಿದು ಎಳೆದದ್ದು ನಿಜ. ನೋವು ನೆನಪಿದೆ.

ಬರ್ತಿದ್ದೀನಿ. ಕಾಲು ತೊಳಿ, ಎಲೆ ಹಾಕು, ಬಡಿಸು. ನಾನು ಮುಟ್ಟಲ್ಲ. ನನಗೆ ಬೇಕಾದದ್ದು ಬೇರೆ ಇದೆ. ಅವಳಿಗೆ ಮೊದಲ ಹಲ್ಲು ಯಾವಾಗ ಬಂತು, ಎಲ್ಲಿ ಬಿದ್ದು ಮಂಡಿ ಒಡೆದುಕೊಂಡಳು, ಯಾವ್ಯಾವ ಜ್ವರಕ್ಕೆ ಏನೇನು ಕೊಟ್ಟೆ, ಶಾಲೆಗೆ ಮೊದಲ ದಿನ ಅತ್ತಳಾ ನಕ್ಕಳಾ, ನನ್ನನ್ನ ಕೇಳಿದಾಗ ನೀನು ಯಾವ ಯಾವ ಸುಳ್ಳು ಹೇಳಿದೆ, ಎಲ್ಲಾ ನನ್ನ ಎದುರು ಕೂತು ಹೇಳಬೇಕು. ಒಂದೂ ಬಿಡೋ ಹಾಗಿಲ್ಲ. ಬಿಟ್ಟರೆ ಅಲ್ಲಿಗೇ ಹಸಿದು ಎದ್ದು ಹೋಗ್ತೀನಿ. ಹೇಳಿ ಮುಗಿಸೋ ಅಷ್ಟರಲ್ಲಿ ಬೇಳೆ ಆರಿ ಕಲ್ಲಾಗಿರುತ್ತೆ. ಆಗ ನೋಡೋಣ, ಉಣ್ಣೋದೋ ಬಿಡೋದೋ.

ಝಮಕು

ಧಾಪೂಮಾ, ನನಗೆ ಜ್ವರ ಬಿಟ್ಟಿದೆ. ಮುಲಾಮು ಮುಗೀತು, ಅರ್ಧ ಇವರ ಕಾಲಿಗೆ ನಾನೇ ಬಲವಂತದಿಂದ ಹಚ್ಚಿದೆ. ಆದರೂ ಇಬ್ಬರದೂ ಬಿರಿದು ಹೋಗಿದೆ. ಕಾಲು ತೊಳೆಯೋ ನೀರು ತೀರಾ ಬಿಸಿ ಮಾಡಬೇಡ, ಉರಿಯುತ್ತೆ. — ಅನೋಖಿ